ಬೇಕಾದಷ್ಟೇ ಅಕ್ಕಿ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಶರಣ ಮಾರಯ್ಯನವರ ಕಾಯಕ. ಒಂದು ದಿನ ಅವರು ಅಗತ್ಯಕ್ಕಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮನವರು ಹೇಳಿದರೆಂದು ಪ್ರತೀತಿ. ಹನ್ನೆರಡನೆಯ ಶತಮಾನದ ಈ ಪ್ರಸಂಗವನ್ನು ಅದೆಷ್ಟೋ ವರ್ಷ ಬೋಧಿಸಿದ್ದೇನೆ. ನಾನು ಕಲಿತದ್ದು ಮಾತ್ರ ತಡವಾಗಿ.

ಪೀಣ್ಯದ ಕಾರ್ಖಾನೆಗಳ ನೆರೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನಮ್ಮದು. 2014ರ ಮಾರ್ಚ್‌ನಲ್ಲಿ ಮೆಟ್ರೋ ರೈಲು ಪೀಣ್ಯದವರೆಗೆ ಓಡತೊಡಗಿತು. ಹಲವರಂತೆ ನನಗೂ ಸ್ವಂತ ಫ್ಲ್ಯಾಟಿನ ಆಸೆ ಹುಟ್ಟಿತು. ಮುಂಗಡ ಕೊಟ್ಟೆ, ಸಾಲದ ಕಂತಿಗೆಂದು ಸಂಜೆಯೆಲ್ಲ ಮನೆಪಾಠಕ್ಕೆ ತೊಡಗಿದೆ. ಮನೆ ಸೇರುವ ವೇಳೆಗೆ ಮಗಳು ಮಲಗಿರುತ್ತಿದ್ದಳು. ಒಂದು ರಾತ್ರಿ ಗೃಹಿಣಿ ಮುದ್ದೆ ಬಡಿಸುತ್ತ, "ಲಕ್ಕಮ್ಮನ ಪಾಠ ಶಾಲೆಯ ಹುಡುಗರಿಗೆ ಮಾತ್ರವೇನ್ರೀ?" ಎಂದಳು. ತುತ್ತು ಗಂಟಲಲ್ಲಿ ನಿಂತಿತು.

ಮುಂಗಡದಲ್ಲಿ ಒಂದು ಪಾಲನ್ನು ಕಳೆದುಕೊಂಡು ಒಪ್ಪಂದವನ್ನು ಬಿಟ್ಟೆವು. ಮನೆಪಾಠ ನಿಂತಿತು, ಮೂವರೂ ಒಟ್ಟಿಗೆ ಕುಳಿತು ಉಣ್ಣುವ ಸಂಜೆಗಳು ಮರಳಿದವು. ಬಾಡಿಗೆ ಏರಿದಾಗಲೆಲ್ಲ ಮನಸ್ಸು ಅಳುಕುವುದುಂಟು, ಸುಳ್ಳೇಕೆ ಹೇಳಲಿ? ಆದರೂ ಆ ನಷ್ಟಕ್ಕಾಗಿ ಮರುಗಿಲ್ಲ.

ಬಡತನ ಬೇರೆ, ತೃಪ್ತಿ ಬೇರೆ. ಕೂಲಿ ಸಾಲದ ಕಾರ್ಮಿಕನಿಗೆ 'ಸಾಕೆನ್ನು' ಎಂದು ಉಪದೇಶಿಸುವುದು ಅಧರ್ಮ. ಉಂಡು ಮಿಕ್ಕವರು ತಮಗೆ ತಾವೇ ಹೇಳಿಕೊಳ್ಳಬೇಕಾದ ಮಾತದು.