ಡಬಲ್ ವ್ಯಾಲ್ಯುಯೇಷನ್

ಎಂ.ಎ. ಉತ್ತರ ಪತ್ರಿಕೆ ತಿದ್ದಿದವರಿಗೆ ಡಬಲ್ ವ್ಯಾಲ್ಯುಯೇಷನ್ ಅಂದರೇನು ಅಂತ ವಿವರಿಸಬೇಕಾಗಿಲ್ಲ. ಒಂದೇ ಪತ್ರಿಕೆಯನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದುತ್ತಾರೆ. ಮೊದಲನೆಯವರು ಎಷ್ಟು ಅಂಕ ಕೊಟ್ಟರು ಅನ್ನೋದು ಎರಡನೆಯವರಿಗೆ ಗೊತ್ತಾಗಕೂಡದು. ಅದಕ್ಕೇ ಅಂಕಗಳನ್ನು ಪತ್ರಿಕೆಯ ಮೇಲೆ ಬರೆಯದೆ ಬೇರೆ ಹಾಳೆಯಲ್ಲಿ ಬರೆದುಕೊಡುತ್ತೇವೆ. ಇಬ್ಬರ ನಡುವೆ ಅಂತರ ಜಾಸ್ತಿಯಾದರೆ ಪತ್ರಿಕೆ ಮೂರನೆಯವರ ಕೈಗೆ ಹೋಗುತ್ತದೆ. ಇತಿಹಾಸದ ಅಧ್ಯಾಪಕಿಯಾಗಿ ವರ್ಷಾನುಗಟ್ಟಲೆ ಈ ಕೆಲಸ ಮಾಡಿದ್ದೇನೆ. ಇದಕ್ಕಿಂತ ನ್ಯಾಯವಾದ ವ್ಯವಸ್ಥೆ ಇನ್ನೊಂದಿಲ್ಲ ಅಂತ ಈಗಲೂ ನಂಬಿದ್ದೇನೆ. ನಾನು ಮರ್ಯಾದೆ ಕಳೆದುಕೊಂಡಿದ್ದು ಅದನ್ನು ಡಾಕ್ಟರುಗಳ ಮೇಲೆ ಪ್ರಯೋಗಿಸಲು ಹೋಗಿ.

ಮೊದಲ ಸಲ ಮ್ಯಾಮೊಗ್ರಾಂ ಮಾಡಿಸಿಕೊಂಡಾಗ ನನಗೆ ನಲವತ್ತೇಳರ ಆಸುಪಾಸು. ಕೈಗೆ ಗಂಟೇನೂ ಸಿಕ್ಕಿರಲಿಲ್ಲ. ಆದರೆ ಚಿಕ್ಕಮ್ಮನ ನೆನಪಿತ್ತು. ಎದೆಯ ಗಂಟನ್ನು ಅವಳು ಯಾರಿಗೂ ಹೇಳದೆ ಸೆರಗಿನಡಿಯಲ್ಲೇ ಇಟ್ಟುಕೊಂಡಿದ್ದಳು. ಹುಣ್ಣಾಗಿ ವಾಸನೆ ಬಂದ ಮೇಲೆ ಸೊಸೆಗೆ ಗೊತ್ತಾಯಿತು, ಅಷ್ಟರಲ್ಲಿ ಕಾಲ ಮಿಂಚಿತ್ತು. "ಎಂಥಾ ಹೆಂಗಸಪ್ಪಾ, ಬಾಯಿಬಿಟ್ಟು ಹೇಳಬಾರದಿತ್ತಾ" ಅಂತ ಅವಳ ವೈಕುಂಠ ಸಮಾರಾಧನೆಯ ದಿನ ಎಲೆ ಮುಂದೆ ಕೂತವರಿಗೆಲ್ಲ ಕೇಳುವ ಹಾಗೆ ಭಾಷಣ ಬಿಗಿದವಳು ನಾನೇ.

ಶಿವಮೊಗ್ಗದ ಒಂದು ಡಯಾಗ್ನೋಸ್ಟಿಕ್ ಸೆಂಟರಿಗೆ ಹೋದೆ. ಮಿಷಿನ್ನಿನ ಮುಂದೆ ನಿಲ್ಲಿಸಿದ ಹುಡುಗಿ ಮೊದಲು ಕೇಳಿದ್ದು, "ಮೇಡಂ, ಪೌಡರ್ ಹಾಕ್ಕೊಂಡಿದ್ದೀರಾ?" ಹಾಕಿಕೊಂಡಿದ್ದೆ, ಧಾರಾಳವಾಗಿ. ಡಾಕ್ಟರ ಮುಂದೆ ಬೆವರು ವಾಸನೆ ಬರಬಾರದಲ್ಲ! ಕಂಕುಳಿನ ಪೌಡರು, ಡಿಯೋಡರೆಂಟುಗಳ ಕಣ ಚಿತ್ರದಲ್ಲಿ ಕ್ಯಾಲ್ಸಿಯಂ ಚುಕ್ಕೆಗಳ ಹಾಗೇ ಮೂಡಿಬಿಡುತ್ತದಂತೆ. ಕ್ಯಾನ್ಸರಿನ ಮೊದಮೊದಲ ಗುರುತುಗಳಲ್ಲಿ ಅಂಥ ಚುಕ್ಕೆಗಳೂ ಒಂದು. ಒದ್ದೆ ಹತ್ತಿಯಲ್ಲಿ ಒರೆಸಿಕೊಂಡು ಬಂದು ನಿಂತೆ. ಒಂದೊಂದು ಬದಿಗೆ ಎರಡೆರಡು ಚಿತ್ರ, ಮೇಲಿನಿಂದ ಒಂದು, ಓರೆಯಾಗಿ ಒಂದು. ತಟ್ಟೆ ಇಳಿದು ಒತ್ತುತ್ತಿರುವಾಗ ಹುಡುಗಿ "ಉಸಿರು ಹಿಡ್ಕೊಳ್ಳಿ" ಅನ್ನುತ್ತಾಳೆ. ಹಿಡಿದುಕೊಳ್ಳಲು ಉಸಿರು ಎಲ್ಲಿರುತ್ತದೆ? ಮುಟ್ಟು ನಿಲ್ಲದವರು ಮುಟ್ಟು ಕಳೆದ ವಾರದಲ್ಲಿ ಬಂದರೆ ಇಷ್ಟು ನೋಯುವುದಿಲ್ಲ ಅಂತ ಎಲ್ಲ ಮುಗಿದ ಮೇಲೆ ಹೇಳಿದಳು. ನಾನು ಹೋಗಿದ್ದು ಸರಿಯಾಗಿ ಅದರ ಹಿಂದಿನ ವಾರ.

ಅಲ್ಟ್ರಾಸೌಂಡೂ ಆಯಿತು. ಎಡಗಡೆ 9 ಮಿ.ಮೀ. ಉದ್ದದ, ಮೊಟ್ಟೆಯಾಕಾರದ ಒಂದು ನೆರಳು, ಅಂಚು ನಯವಾಗಿದೆ, ಸ್ತನ ಡೆನ್ಸ್, ಬೈರಾಡ್ಸ್ 3 ಅಂತ ವರದಿ ಬಂತು. ಅದನ್ನು ಹಿಡಿದು ಸರ್ಜನ್ ಹತ್ತಿರ ಹೋದೆ. ಹಿರಿಯರು. ಹೊರಗೆ ಬೆಂಚಿನ ತುಂಬ ಜನ. ಕೈಯಿಂದ ಪರೀಕ್ಷೆ ಮಾಡಿ, ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನೋಡಿ, "ಏನಿಲ್ಲಮ್ಮ. ಆರು ತಿಂಗಳು ಬಿಟ್ಟು ಇನ್ನೊಂದ್ಸಲ ಮಾಡ್ಸೋಣ" ಅಂದರು.

"ಏನಿಲ್ಲ ಅಂದ್ಮೇಲೆ ಮತ್ತೆ ಯಾಕೆ ಮಾಡಿಸ್ಬೇಕು ಸರ್? ಏನೋ ಇದೆ ಅನ್ನೋದಾದ್ರೆ ಆರು ತಿಂಗಳು ಯಾಕೆ ಕಾಯ್ಬೇಕು?"

ಒಳ್ಳೆಯ ಪ್ರಶ್ನೆ ಅಂತಲೇ ಇವತ್ತಿಗೂ ನನ್ನ ಅಭಿಪ್ರಾಯ. ಅವರು ಕನ್ನಡಕದ ಮೇಲಿನಿಂದ ನೋಡಿ, "ಮೊಬೈಲಲ್ಲಿ ಓದ್ಕೊಂಡು ಬಂದಿದ್ದೀರಾ?" ಅಂದರು. ಓದಿಕೊಂಡೇ ಹೋಗಿದ್ದೆ. ಆ ಮಾತು ಮಾತ್ರ ಚುರ್ ಅಂತು. ಶುರು ಮಾಡಿದೆ ನೋಡಿ ಪಾಠ: ಡೆನ್ಸ್ ಇರುವವರಿಗೆ ಮ್ಯಾಮೊಗ್ರಾಂ ಉಪಯೋಗವಿಲ್ಲ, ನನಗೆ ಎಂಆರ್‌ಐ ಬರೆದುಕೊಡಿ. "ಎಂಆರ್‌ಐನಲ್ಲಿ ಬೇಡದ್ದೆಲ್ಲ ಕಾಣುತ್ತೆ, ನಿಮಗೆ ಅದು ಬೇಕಾಗಿಲ್ಲ" ಅಂದವರೇ ಬೆಲ್ ಒತ್ತಿದರು. ಮುಂದಿನ ಟೋಕನ್ನಿನವರು ಒಳಗೆ ಬಂದೂಬಿಟ್ಟರು. ನಾನಿನ್ನೂ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ನಾನು ಓದಿದ್ದರಲ್ಲಿ ಅರ್ಧ ನಿಜವೇ. ಮ್ಯಾಮೊಗ್ರಾಂನಲ್ಲಿ ಕೊಬ್ಬು ಕಪ್ಪಾಗಿ, ಗ್ರಂಥಿ ಮತ್ತು ನಾರಿನ ಭಾಗ ಬೆಳ್ಳಗೆ ಕಾಣುತ್ತದೆ. ಗಂಟೂ ಬೆಳ್ಳಗೇ ಕಾಣುವುದರಿಂದ ಡೆನ್ಸ್ ಸ್ತನದಲ್ಲಿ ಅದು ಮರೆಯಾಗಿ ಉಳಿಯಬಹುದು. ಡೆನ್ಸ್ ಹೌದೋ ಅಲ್ಲವೋ ಅನ್ನೋದು ಮುಟ್ಟಿದರೆ ತಿಳಿಯುವಂಥದ್ದಲ್ಲ, ಚಿತ್ರದಲ್ಲೇ ಗೊತ್ತಾಗಬೇಕು. ಅಮೆರಿಕದಲ್ಲಿ 2024ರ ಸೆಪ್ಟೆಂಬರಿನಿಂದ ಮ್ಯಾಮೊಗ್ರಾಂ ಮಾಡಿಸಿಕೊಂಡ ಪ್ರತಿ ಹೆಂಗಸಿಗೂ ಅವಳ ಸ್ತನ ಡೆನ್ಸ್ ಇದೆಯೋ ಇಲ್ಲವೋ ಅಂತ ಬರೆದು ತಿಳಿಸುವುದು ಕಡ್ಡಾಯ. ಆದರೆ ಅದಕ್ಕೆ ಎಂಆರ್‌ಐಯೇ ಮದ್ದು ಅಂತ ತೀರ್ಮಾನಿಸಿದ್ದು ನಾನು. ವಂಶವಾಹಿಯಲ್ಲೇ ಅಪಾಯ ಹೊತ್ತವರಿಗೆ ಅದು ಬೇಕಾಗುತ್ತದೆ. ಉಳಿದವರಿಗೆ ಮಾಡಿಸಿದರೆ ಏನೂ ಅಲ್ಲದ ಕಲೆಗಳು ಕಂಡು, ಅವು ಏನೂ ಅಲ್ಲ ಅಂತ ಖಾತ್ರಿಯಾಗುವ ತನಕ ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಳ್ಳಬೇಕಾಗಬಹುದು. ಡಾಕ್ಟರು ಹೇಳಿದ್ದು ಸರಿಯಾಗಿತ್ತು. ಹೇಳಿದ ರೀತಿ ಸರಿಯಿರಲಿಲ್ಲ. ನಾನು ರೀತಿಯನ್ನಷ್ಟೇ ಕೇಳಿಸಿಕೊಂಡು ಬಂದೆ.

ಆರು ತಿಂಗಳಾದ ಮೇಲೆ ಅವರ ಹತ್ತಿರ ಹೋಗಲಿಲ್ಲ. ಬೆಂಗಳೂರಿನ ಅಕ್ಕನ ಮನೆಗೆ ಹೊರಟೆ, ಅಲ್ಲಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ತೋರಿಸಿಕೊಳ್ಳೋಣ ಅಂತ. ಚೀಲ ತುಂಬುವಾಗ ಹಳೇ ಫಿಲ್ಮಿನ ದೊಡ್ಡ ಕವರು ಕೈಗೆ ಬಂತು. ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ಅಡಿಗೆ ತಳ್ಳಿ ಬೀಗ ಹಾಕಿದೆ. ಮೊದಲನೆಯವರ ಅಂಕ ಎರಡನೆಯವರಿಗೆ ಗೊತ್ತಾಗಕೂಡದಲ್ಲ!

ಅಲ್ಲಿನ ರೇಡಿಯಾಲಜಿಸ್ಟ್ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಸರವಿಲ್ಲದ ಮಾತು. "ಹಿಂದೆ ಯಾವಾಗಾದ್ರೂ ಮಾಡ್ಸಿದ್ರಾ ಮೇಡಂ? ಹಳೇ ಫಿಲ್ಮು, ಸಿಡಿ ಏನಾದ್ರೂ?" ಅಂತ ಕೇಳಿದರು.

"ಇಲ್ಲ, ಇದೇ ಮೊದಲು."

ಇತಿಹಾಸ ಪಾಠ ಹೇಳಿ ಸಂಬಳ ತಗೊಳ್ಳುವವಳು ಹಳೆಯ ದಾಖಲೆಯೇ ಇಲ್ಲ ಅಂತ ಕಣ್ಣು ಮಿಟುಕಿಸದೆ ಹೇಳಿದೆ. ಅಲ್ಟ್ರಾಸೌಂಡ್ ಮಾಡುವಾಗ ಅವರು ಒಂದೇ ಜಾಗದಲ್ಲಿ ಸುಮಾರು ಹೊತ್ತು ನಿಂತರು. ಮತ್ತೆ ಬಂದು ಇನ್ನೊಂದು ಬಾರಿ ನೋಡಿದರು. "ಒಂದು ಪಕ್ಕ ಅಂಚು ಅಷ್ಟು ಸ್ಪಷ್ಟ ಇಲ್ಲ. ಹಳೇ ಚಿತ್ರ ಇದ್ದಿದ್ರೆ ಹೋಲಿಸಿ ನೋಡ್ಬಹುದಿತ್ತು. ಇಲ್ಲದೇ ಇರೋದ್ರಿಂದ ಬಯಾಪ್ಸಿ ಮಾಡೋದೇ ವಾಸಿ" ಅಂದರು. ವರದಿಯಲ್ಲಿ ಬೈರಾಡ್ಸ್ 4ಎ ಅಂತ ಬಂತು.

ಇಲ್ಲಿಂದ ಮುಂದಿನದನ್ನು ಹೇಳಲು ನಾಚಿಕೆ. ಆ ವರದಿ ಓದಿ ನನಗೆ ಮೊದಲು ಆಗಿದ್ದು ಹೆದರಿಕೆಯಲ್ಲ, ಖುಷಿ! ಕಾರಿಡಾರಿನಲ್ಲಿ ನಿಂತೇ ಮನೆಗೆ ಫೋನ್ ಮಾಡಿ, "ನಾನು ಹೇಳಿರ್ಲಿಲ್ವಾ ರೀ, ಆ ಡಾಕ್ಟ್ರಿಗೆ ಏನೂ ಗೊತ್ತಿಲ್ಲ ಅಂತ?" ಅಂದೆ. ಫೋನಿನ ಆ ಕಡೆ ಅವರು ಸುಮ್ಮನಿದ್ದರು. ಆಮೇಲೆ "ಅಂದ್ರೆ... ಕ್ಯಾನ್ಸರಾ?" ಅಂದರು. ಆಗ ಕಾಲ ಕೆಳಗಿನ ನೆಲ ಹೋಯಿತು. ಡಾಕ್ಟರು ಸೋತರು ಅಂತ ಹಿಗ್ಗುತ್ತಿದ್ದವಳಿಗೆ, ಅವರು ಸೋಲಬೇಕಾದರೆ ನನಗೆ ಕಾಯಿಲೆ ಇರಬೇಕು ಅನ್ನುವಷ್ಟು ಸರಳವಾದ ಸಂಗತಿ ಹೊಳೆದೇ ಇರಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ. ಸೂಜಿ ಹಾಕಿದರೆ ಗಂಟು ಕೆರಳಿ ಹರಡುತ್ತದೆ ಅಂತ ಅಕ್ಕನ ಪಕ್ಕದ ಮನೆಯವರು ಬೇರೆ ಬಂದು ಹೆದರಿಸಿದರು. ಅದು ಸುಳ್ಳು ಅಂತ ತಿಳಿದಿದ್ದರೂ ನಡುರಾತ್ರಿಯಲ್ಲಿ ತಿಳಿವಳಿಕೆ ಕೆಲಸಕ್ಕೆ ಬರುವುದಿಲ್ಲ.

ಇವರು ರಾತ್ರಿ ರೈಲು ಹತ್ತಿ ಬೆಳಿಗ್ಗೆ ನೇರ ಆಸ್ಪತ್ರೆಗೇ ಬಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಲು ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಿದ್ದರು. ಆಗ ಇವರು ಬ್ಯಾಗಿನಿಂದ ಆ ದೊಡ್ಡ ಕವರು ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಮರೆತು ಬಂದಿದ್ದಳು ಡಾಕ್ಟ್ರೇ. ಪುಣ್ಯಕ್ಕೆ ಬೀರುವಿನಲ್ಲಿ ಸಿಕ್ತು" ಅಂದರು. ಮುಖದಲ್ಲಿ ಅದೇನು ಹೆಮ್ಮೆ! ಮದುವೆಯಾದಾಗಿನಿಂದ ಮನೆಯಲ್ಲಿ ಒಂದು ಸಾಮಾನು ಹುಡುಕಿ ಕೊಟ್ಟವರಲ್ಲ, ಅವತ್ತೇ ಸಿಗಬೇಕಿತ್ತೆ?

ಕವರಿನ ಮೇಲೆ ನನ್ನ ಹೆಸರು, ತಾರೀಖು, ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ. ಡಾಕ್ಟರು ತಾರೀಖು ಓದಿದರು, ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. ಅವರು ಏನೂ ಅನ್ನದೆ ಎದ್ದು ಹೋಗಿ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಾಕಿ ಅಳೆಯತೊಡಗಿದರು. ಪಕ್ಕದಲ್ಲಿ ಇವರು ಪಿಸುಮಾತಿನಲ್ಲಿ "ಯಾಕೆ, ತರಬಾರದಿತ್ತಾ?" ಅಂತ ಕೇಳುತ್ತಿದ್ದರು.

ಬಂದು ಹೇಳಿದರು: "ಅದೇ ಅಳತೆ. ಅಂಚಿನ ಆ ಭಾಗ ಆಗಲೂ ಹೀಗೇ ಇತ್ತು. ಇದು ನನ್ನ ಹತ್ರ ಇದ್ದಿದ್ರೆ ನಿನ್ನೆ 3 ಅಂತಲೇ ಬರೀತಿದ್ದೆ. ಇಲ್ಲ ಅಂದಿದ್ದು ಯಾಕೆ ಮೇಡಂ?"

ಸುಳ್ಳಿಗೆ ಇನ್ನೊಂದು ಸುಳ್ಳು ಕೂಡಿಸಲು ಬಾಯಿ ಬರಲಿಲ್ಲ. ಡಬಲ್ ವ್ಯಾಲ್ಯುಯೇಷನ್ ಕತೆ ಹೇಳಿದೆ. ಅವರು ನಕ್ಕರು. ಬೈದಿದ್ದರೆ ಚೆನ್ನಾಗಿತ್ತು. "ಮೇಡಂ, ನಿಮ್ಮ ಪತ್ರಿಕೆ ಕಟ್ಟಿನಲ್ಲಿ ಎಷ್ಟು ದಿನ ಇಟ್ರೂ ಹಾಗೇ ಇರುತ್ತೆ. ಇದು ಹಾಗಲ್ಲ. ಬದಲಾಗಿದೆಯಾ ಅನ್ನೋದೇ ನಾವು ನೋಡೋದು" ಅಂದರು.

ಬಯಾಪ್ಸಿ ಬೇಕಾದರೆ ಈಗಲೂ ಮಾಡಬಹುದು, ಕಾದರೂ ತಪ್ಪಿಲ್ಲ ಅಂತ ಎರಡೂ ದಾರಿ ವಿವರಿಸಿದರು. ಕಾಯುತ್ತೇನೆ ಅಂದೆ. ಹಳೆಯ ಚಿತ್ರದೊಂದಿಗೆ ಹೋಲಿಸಲಾಗಿದೆ, ಬದಲಾವಣೆ ಇಲ್ಲ, ಬೈರಾಡ್ಸ್ 3 ಅಂತ ತಿದ್ದುಪಡಿ ಸೇರಿಸಿ ಕೊಟ್ಟರು. ಒಬ್ಬೊಬ್ಬರು ಒಂದೊಂದು ರೀತಿ ಬರೆಯುವ ವರದಿಗಳಿಗೆ ಒಂದು ಶಿಸ್ತು ಬರಲಿ ಅಂತ ಅಮೆರಿಕದ ರೇಡಿಯಾಲಜಿ ಕಾಲೇಜು 1993ರಲ್ಲಿ ಹೊರತಂದ ಪದ್ಧತಿ ಈ ಬೈರಾಡ್ಸ್. 1, 2 ಅಂದರೆ ಚಿಂತೆಯಿಲ್ಲ. 3 ಅಂದರೆ ಕ್ಯಾನ್ಸರ್ ಇರುವ ಸಂಭವ ನೂರಕ್ಕೆ ಎರಡಕ್ಕಿಂತ ಹೆಚ್ಚಲ್ಲ. 4 ಅನ್ನೋದು ಎರಡರಿಂದ ತೊಂಬತ್ತೈದರವರೆಗೂ ಚಾಚಿಕೊಂಡಿದೆ, ಅದಕ್ಕೇ ಅದರಲ್ಲಿ ಎ, ಬಿ, ಸಿ ಅಂತ ಭಾಗ ಮಾಡಿದ್ದಾರೆ. ಎ ಅಂದರೆ ಹತ್ತರೊಳಗೆ. ಸೊನ್ನೆ ಅಂತ ಬಂದರೆ ಫೇಲಾದ ಹಾಗಲ್ಲ. ಇನ್ನಷ್ಟು ಚಿತ್ರ ಬೇಕು, ಇಲ್ಲವೇ ಹಳೆಯ ಚಿತ್ರ ಬೇಕು ಅಂತ ಅದರರ್ಥ. ಹಳೆಯದನ್ನು ತರಿಸಿಕೊಳ್ಳಲಿ ಅಂತಲೇ ಆ ಪದ್ಧತಿಯಲ್ಲಿ ಒಂದು ಅಂಕಿ ಮೀಸಲಿಟ್ಟಿರುವಾಗ, ನಾನು ಅದನ್ನು ಸೀರೆ ಕೆಳಗಿಟ್ಟು ಬೀಗ ಹಾಕಿ ಬಂದಿದ್ದೆ. ಚಿಕ್ಕಮ್ಮ ಮೂರನೇ ಕ್ಲಾಸು ಓದಿದವಳು.

ಊರಿಗೆ ಬಂದವಳೇ ಎಲ್ಲ ಕಾಗದ ಜೋಡಿಸಿಕೊಂಡು ಹಳೇ ಸರ್ಜನ್ ಹತ್ತಿರ ಹೋದೆ. ನಡೆದದ್ದೆಲ್ಲ ಹೇಳಿದೆ. ಈ ಸಲ ಪಾಠ ಮಾಡದೆ, ನೂರಕ್ಕೆ ಎಷ್ಟು ಸಂಭವ ಸರ್ ಅಂತ ಕೇಳಿದೆ. "ಎರಡಕ್ಕಿಂತ ಕಮ್ಮಿ. ಆರು ತಿಂಗಳಲ್ಲಿ ಏನಾದ್ರೂ ಬದಲಾದ್ರೆ ಗೊತ್ತಾಗುತ್ತೆ, ಆಗಲೂ ತಡ ಆಗಿರಲ್ಲ" ಅಂದರು. ಇದನ್ನು ಮೊದಲೇ ಹೇಳಬಾರದಿತ್ತಾ ಅಂದರೆ, "ನೀವೆಲ್ಲಿ ಬಿಟ್ರಿ, ಎಂಆರ್‌ಐ ಬಗ್ಗೆ ಕ್ಲಾಸ್ ತಗೊಳ್ತಾ ಇದ್ರಲ್ಲ" ಅಂದರು. ಆ ಒಂದು ವಾಕ್ಯಕ್ಕೆ ಅರ್ಧ ನಿಮಿಷವೂ ಬೇಡ. ಅದನ್ನು ಹೇಳದೆ ಬೆಲ್ ಒತ್ತಿದ್ದು ಅವರ ತಪ್ಪು ಅಂತಲೇ ನಾನು ಈಗಲೂ ಹೇಳುವುದು, ಅವರ ಮುಖದೆದುರೇ ಹೇಳಿದ್ದೇನೆ.

ಡಾಕ್ಟರುಗಳ ನಡುವೆ ಭಿನ್ನಾಭಿಪ್ರಾಯ ಬಂದರೆ ಇಬ್ಬರಲ್ಲೊಬ್ಬರು ದಡ್ಡರಿರಬೇಕು ಅಂದುಕೊಂಡಿದ್ದೆ. ಈ ಪರೀಕ್ಷೆಯ ವಿಷಯದಲ್ಲಿ ದೇಶದೇಶಗಳೇ ಒಪ್ಪುವುದಿಲ್ಲ. ಅಮೆರಿಕದ ತಜ್ಞರ ಕಾರ್ಯಪಡೆ 2009ರಲ್ಲಿ ಎಲ್ಲರಿಗೂ ಐವತ್ತರಿಂದ ಸಾಕು ಅಂದಿತು, 2024ರಲ್ಲಿ ನಲವತ್ತರಿಂದಲೇ ಎರಡು ವರ್ಷಕ್ಕೊಮ್ಮೆ ಅಂತ ಬದಲಿಸಿತು. ಬ್ರಿಟನ್ನಿನಲ್ಲಿ ಐವತ್ತರಿಂದ ಎಪ್ಪತ್ತೊಂದರವರೆಗೆ ಮೂರು ವರ್ಷಕ್ಕೊಮ್ಮೆ ಕರೆಯುತ್ತಾರೆ. ನಮ್ಮ ಸರ್ಕಾರದ ಕಾರ್ಯಕ್ರಮದಲ್ಲಿ ಮೂವತ್ತು ದಾಟಿದವರಿಗೆ ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಪರೀಕ್ಷಿಸುತ್ತಾರೆ. ಅದೇನು ಮಹಾ ಅನ್ನುವವರು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಐವತ್ತು ದಾಟಿದವರಲ್ಲಿ ಬರೀ ಕೈಯ ಪರೀಕ್ಷೆಯಿಂದಲೇ ಸ್ತನ ಕ್ಯಾನ್ಸರಿನ ಸಾವು ಶೇಕಡ 30ರ ಹತ್ತಿರ ಕಡಿಮೆಯಾಗಿತ್ತು. ಐವತ್ತರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಇನ್ನೊಂದು ಮಾತು, ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ: ಕೈಗೆ ಗಂಟು ಸಿಗುತ್ತಿದ್ದರೆ ಮ್ಯಾಮೊಗ್ರಾಂ ಸರಿಯಾಗಿದೆ ಅಂತ ಬಂದರೂ ಸುಮ್ಮನಿರಬಾರದು, ಮುಂದಿನ ಪರೀಕ್ಷೆ ಕೇಳಬೇಕು.

ನನ್ನ ಆ ನೆರಳು ಎರಡು ವರ್ಷ ಒಂದಿಷ್ಟೂ ಬೆಳೆಯದೆ ಅಲ್ಲೇ ಕೂತಿತು. ಈಗ ಅದಕ್ಕೆ ಬೈರಾಡ್ಸ್ 2. ಇನ್ನು ಎರಡು ವರ್ಷಕ್ಕೊಮ್ಮೆ ಸಾಕು ಅನ್ನುತ್ತಾರೆ ನಮ್ಮೂರಿನವರು. ಡೆನ್ಸ್ ಇದೆ, ವರ್ಷಕ್ಕೊಮ್ಮೆ ಬನ್ನಿ ಅನ್ನುತ್ತಾರೆ ಬೆಂಗಳೂರಿನವರು. ನಾನು ವರ್ಷಕ್ಕೊಮ್ಮೆ ಹೋಗುತ್ತೇನೆ. ನಮ್ಮೂರಿನವರಿಗೆ ಹೇಳಿಯೇ ಹೋಗುತ್ತೇನೆ, ಅವರು ಗೊಣಗುತ್ತಾ ಚೀಟಿ ಬರೆದುಕೊಡುತ್ತಾರೆ.