ಒಂದೇ ಪಾಳಿ ಹಚ್ಚಿ

ನಿನ್ನೆ ಸಂಜೆ, ಕೊಟ್ಟೂರಿನ ಒಂದು ಅಂಗಡಿ. ಬಿಲ್ ಕೌಂಟರ್ ಮೂರು, ಪಾಳಿಯೂ ಮೂರು. ನನ್ನ ಮುಂದೆ ಒಬ್ಬ ಅಜ್ಜಿ, ಕೈಯಲ್ಲಿ ಒಂದೇ ಸಕ್ಕರೆ ಪಾಕೀಟು. ನಮ್ಮ ಪಾಳಿಯ ಮೊದಲಿನವರ ಡಬ್ಬಿಯ ಬಾರ್‌ಕೋಡ್ ಹತ್ತಲಿಲ್ಲ. ಹುಡುಗ ರೇಟು ಕೇಳಲು ಒಳಗೆ ಹೋದ. ಅಷ್ಟರಲ್ಲಿ ನಾಲ್ಕನೆಯ ಕೌಂಟರ್ ತೆರೆಯಿತು, ಹಿಂದಿದ್ದವರು ಓಡಿ ಮುಂದಾದರು. ಅಜ್ಜಿಗೆ ಕೂಡ್ಲಿಗಿ ಬಸ್ಸು ತಪ್ಪಿತು. "ಹೋಗ್ಲಿ ಬಿಡಪ್ಪ, ನಮ್ದು ಯಾವಾಗ್ಲೂ ಹಿಂಗ" ಅಂದರು. ಆ ಮಾತು ಇನ್ನೂ ಚುಚ್ಚುತ್ತಿದೆ.

ಎಲ್ಲರಿಗೂ ಒಂದೇ ಪಾಳಿ ಹಚ್ಚಿ, ಖಾಲಿಯಾದ ಕೌಂಟರಿಗೆ ಮುಂದಿನವರನ್ನು ಕರೆದರೆ ಮೊದಲು ಬಂದವರೇ ಮೊದಲು ಕೌಂಟರ್ ಮುಟ್ಟುತ್ತಾರೆ. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲೇ ಟೆಲಿಫೋನ್ ಕರೆಗಳ ದಟ್ಟಣೆಗೆ ಗಣಿತ ಹೂಡಿದ್ದರು; ಪಾಳಿಯ ಲೆಕ್ಕ ಬೆಳೆದದ್ದು ಅಲ್ಲಿಂದ. ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯ ಅಂಗಡಿಯವರೇ, ಒಂದು ಹಗ್ಗ ಕಟ್ಟಿ ನೋಡಿ.