ಓಟ್ಸ್ ಹಾಕಿದ ಕಪ್ಪು ಬಿಯರು, ಅಮ್ಮನ ಪ್ರಶ್ನೆ

ಓಟ್ಸ್ ಅಂದ್ರೆ ನಮ್ಮನೆಯಲ್ಲಿ ಅಪ್ಪನ ಸಕ್ಕರೆ ಕಾಯಿಲೆಗೆ ಡಾಕ್ಟರು ಹೇಳಿದ ಬೆಳಗಿನ ತಿಂಡಿ. ಅಪ್ಪ ಇವತ್ತಿಗೂ ಅದನ್ನು ಮುಖ ಕಿವಿಚಿಕೊಂಡೇ ನುಂಗುತ್ತಾರೆ. ಅದೇ ಓಟ್ಸ್ ಹಾಕಿ ಬಿಯರ್ ಮಾಡ್ತಾರೆ ಅಂತ ನನಗೆ ಗೊತ್ತಾಗಿದ್ದು, ಆಫೀಸಿನ ಪ್ರಾಜೆಕ್ಟಿಗೆಂದು ಇಂಗ್ಲೆಂಡಿನ ಲೀಡ್ಸ್‌ಗೆ ಬಂದ ಮೇಲೆ. ಅದರ ಹೆಸರು ಓಟ್‌ಮೀಲ್ ಸ್ಟೌಟ್.

ಲೀಡ್ಸ್‌ಗೂ ಯಾರ್ಕ್‌ಗೂ ನಡುವೆ ಟ್ಯಾಡ್‌ಕಾಸ್ಟರ್ ಅನ್ನೋ ಸಣ್ಣ ಊರಿದೆ. ಅಲ್ಲಿನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿ 1758ರಷ್ಟು ಹಳೆಯದು. ಓಟ್ಸ್ ಹಾಕಿದ ಸ್ಟೌಟ್ ಹೆಚ್ಚುಕಡಿಮೆ ಮರೆತೇ ಹೋಗಿತ್ತಂತೆ. 1980ರಲ್ಲಿ ಅಮೆರಿಕದ ಆಮದುದಾರ ಚಾರ್ಲ್ಸ್ ಫಿಂಕೆಲ್ ಕೇಳಿಕೊಂಡಿದ್ದಕ್ಕೆ ಇವರು ಮತ್ತೆ ತಯಾರಿಸಿದರು. ಆಮೇಲೆ ಸಣ್ಣ ಬ್ರೂವರಿಗಳೂ ಇದರ ಹಿಂದೆ ಬಿದ್ದವು.

ಇವರ ಪಬ್ಬುಗಳಲ್ಲಿ ಹಾಡು ಹಾಕುವುದಿಲ್ಲ, ಮೊಬೈಲ್ ಬಳಸುವ ಹಾಗೂ ಇಲ್ಲ. ಫೋಟೋ ತೆಗೆಯುವಂತಿಲ್ಲವಾದ್ದರಿಂದ ಗ್ಲಾಸನ್ನೇ ನೋಡುತ್ತಾ ಕೂತೆ. ಡಿಕಾಕ್ಷನ್ನಿನಂಥ ಕಪ್ಪು, ಮೇಲೆ ಕಂದು ನೊರೆ. ಮೊದಲ ಗುಟುಕಿಗೆ ಕಾಫಿಯ ಕಹಿ, ಹಿಂದೆಯೇ ತುಸು ಸುಟ್ಟ ಬೆಲ್ಲದ ಸಿಹಿ. ಆದರೆ ನೆನಪಿನಲ್ಲಿ ಉಳಿದದ್ದು ರುಚಿಗಿಂತ ಅದರ ನುಣುಪು. ತೆಳ್ಳಗಿನ ಗಂಜಿ ಗಂಟಲಲ್ಲಿ ಇಳಿದ ಹಾಗೆ.

ಕಾರಣ ಸರಳ. ಕಪ್ಪು ಬಣ್ಣ, ಕಹಿ ಎರಡೂ ಚೆನ್ನಾಗಿ ಹುರಿದ ಬಾರ್ಲಿಯಿಂದ. ನುಣುಪು ಓಟ್ಸ್‌ನಲ್ಲಿರುವ ಬೀಟಾ ಗ್ಲೂಕಾನ್ ಅನ್ನೋ ಅಂಟು ನಾರಿನಿಂದ. ಡಾಕ್ಟರು ಓಟ್ಸ್ ತಿನ್ನಿ ಅನ್ನೋದೂ ಇದೇ ನಾರಿಗಾಗಿ. ಹಾಗಂತ ಬಿಯರ್ ಔಷಧಿಯಲ್ಲ. ಇದರಲ್ಲಿ ಶೇ 5ರಷ್ಟು ಆಲ್ಕೋಹಾಲ್ ಇದೆ. ಓಟ್ಸ್ ಸ್ವಲ್ಪವೇ ಹಾಕಬೇಕು. ಜಾಸ್ತಿಯಾದರೆ ಇಡೀ ಪಾತ್ರೆ ಅಂಟಂಟಾಗಿ ರಸ ಸೋಸುವುದೇ ಕಷ್ಟ. ಇನ್ನು ಮಾಲ್ಟ್ ಅಂದ್ರೆ ಧಾನ್ಯ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದು. ಮಗುವಿಗೆ ರಾಗಿ ಸರಿ ಮಾಡಲು ನಮ್ಮಜ್ಜಿ ಮಾಡುತ್ತಿದ್ದದ್ದೂ ಅದನ್ನೇ.

ಇದನ್ನೆಲ್ಲ ಅಮ್ಮನಿಗೆ ಹೇಳಬೇಕು ಅನ್ನಿಸಿತು. ಆದರೆ ನಮ್ಮನೆಯಲ್ಲಿ ಈ ಮಾತು ಹಗುರವಲ್ಲ. ಅಮ್ಮನ ತಮ್ಮ, ನನ್ನ ಸೋದರಮಾವ, ಕುಡಿದು ಕುಡಿದೇ ಗದ್ದೆ ಕಳೆದರು, ಐವತ್ತು ತುಂಬುವ ಮೊದಲೇ ಹೋದರು. ಅತ್ತೆ ಕೂಲಿ ಮಾಡಿ ಇಬ್ಬರು ಮಕ್ಕಳನ್ನು ಓದಿಸಿದರು. ನಮಗೆ ಬಾಟಲಿ ಅಂದರೆ ಅಷ್ಟೇ ಅರ್ಥ.

ಆದರೂ ಭಾನುವಾರ ಫೋನಿನಲ್ಲಿ ಹೇಳಿಬಿಟ್ಟೆ. ಬಾರ್ಲಿ, ಮೊಳಕೆ, ರಾಗಿ ಸರಿ, ಎಲ್ಲವನ್ನೂ. ಅಮ್ಮ ಪೂರ್ತಿ ಕೇಳಿಸಿಕೊಂಡರು.

"ನಿನ್ನ ಮಾವನೂ ಮೊದಮೊದಲು ರುಚಿ ವಿಷಯಾನೇ ಹೇಳ್ತಿದ್ದ ಕಣೋ" ಅಂದರು.

ಶೇಕಡಾವಾರು ಲೆಕ್ಕ ಹೇಳಿ ವಾದ ಮಾಡಬಹುದಿತ್ತು. ಮಾಡಲಿಲ್ಲ. ಗದ್ದೆ ಹೋದದ್ದನ್ನು ಕಂಡವರ ಎದುರು ಬೀಟಾ ಗ್ಲೂಕಾನ್ ಏನು ಲೆಕ್ಕ?

"ಎಷ್ಟು ಕುಡಿದೆ?"

"ಒಂದೇ ಗ್ಲಾಸ್ ಅಮ್ಮ."

"ಇನ್ನೊಂದು ಬೇಕು ಅನ್ನಿಸ್ತಾ?"

"ಅನ್ನಿಸ್ತು. ಎದ್ದು ಬಂದೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಮ್ಮ ಅಂದರು, "ಪ್ರತಿ ಸಲ ಕೇಳ್ತೀನಿ. ಹೀಗೇ ನಿಜ ಹೇಳ್ಬೇಕು."

ಅಂದಿನಿಂದ ಪ್ರತಿ ಭಾನುವಾರವೂ ಕೇಳುತ್ತಾರೆ. ನಾನೂ ಇದ್ದದ್ದು ಇದ್ದ ಹಾಗೇ ಹೇಳುತ್ತೇನೆ.